ಮುಳ್ಳಿನ ಹಿಂದಿನ ಕಾವಲು

ಕಾರನ್ನು ನಡೆಸುವವನು ಪೆಟ್ರೋಲಿನ ತೊಟ್ಟಿಯೊಳಗೆ ಇಣುಕಿ ನೋಡಲಾರ. ಎದುರಿನ ಫಲಕದ ಮುಳ್ಳು ಹೇಳಿದ್ದನ್ನು ಅವನು ನಂಬಲೇಬೇಕು. ಹಳೆಯ ಕಾರುಗಳಲ್ಲಿ ಆ ಮುಳ್ಳು ಸತ್ಯವನ್ನೇ ನುಡಿಯುವಂತೆ ಮಾಡಲು, ಫಲಕದ ಹಿಂದಿನ ಕತ್ತಲೆಯಲ್ಲಿ ಪುಟ್ಟ ತಗಡಿನ ಡಬ್ಬಿಯೊಂದು ದುಡಿಯುತ್ತಿರುತ್ತದೆ.

1960ರ ದಶಕದಲ್ಲಿ ಬ್ರಿಟನ್ನಿನ ಅನೇಕ ಕಾರುಗಳಿಗೆ ಸ್ಮಿತ್ಸ್ ಕಂಪನಿಯ ಮಾಪಕಗಳನ್ನು ಜೋಡಿಸುತ್ತಿದ್ದರು. ಅಂಥ ಮಾಪಕದೊಳಗೆ ದ್ವಿಲೋಹದ ಪಟ್ಟಿಯೊಂದಿದ್ದು, ಅದಕ್ಕೆ ಸಣ್ಣ ತಂತಿಯನ್ನು ಸುತ್ತಿರುತ್ತದೆ. ತೊಟ್ಟಿಯಲ್ಲಿ ಪೆಟ್ರೋಲು ಹೆಚ್ಚಿದ್ದರೆ ತೇಲುಗುಂಡು ಮೇಲೇರಿ, ವಿದ್ಯುತ್ತಿನ ಹಾದಿಯ ರೋಧ ತಗ್ಗುತ್ತದೆ. ತಂತಿ ಕಾಯುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ಸರಿಯುತ್ತದೆ. ಶಾಖದ ಕೆಲಸ ನಿಧಾನವಾದ್ದರಿಂದ, ಹಳ್ಳದಿಣ್ಣೆಯ ದಾರಿಯಲ್ಲಿ ಪೆಟ್ರೋಲು ತುಳುಕಿದರೂ ಮುಳ್ಳು ಕುಣಿಯುವುದಿಲ್ಲ. ಇದು ಗುಣವೇ ಸರಿ. ಆದರೆ ಬ್ಯಾಟರಿಯ 12 ವೋಲ್ಟು, ಎಂಜಿನ್ನು ಓಡತೊಡಗಿದಾಗ 14ರ ಸುಮಾರಿಗೆ ಏರುತ್ತದೆ. ಆಗ ಒಂದು ಹನಿ ಪೆಟ್ರೋಲು ಹೆಚ್ಚದಿದ್ದರೂ ತಂತಿ ಹೆಚ್ಚು ಕಾಯುತ್ತದೆ, ಮುಳ್ಳು ಸುಳ್ಳಾಡುತ್ತದೆ.

ಇದನ್ನು ತಡೆಯುವುದೇ ಆ ಡಬ್ಬಿಯ ಕರ್ತವ್ಯ. ಅದರೊಳಗೂ ಇರುವುದು ಅಂಥದೇ ದ್ವಿಲೋಹದ ಪಟ್ಟಿ! ವಿದ್ಯುತ್ತು ಹರಿದೊಡನೆ ಪಟ್ಟಿ ಕಾದು ಬಾಗಿ ಸಂಪರ್ಕವನ್ನು ಕಡಿಯುತ್ತದೆ. ತಣಿದು ಮತ್ತೆ ಕೂಡಿಸುತ್ತದೆ. ಅನ್ನ ಉಕ್ಕದಂತೆ ಗೃಹಿಣಿ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ಮತ್ತೆ ಮುಂದಕ್ಕೆ ನೂಕುವಂತೆ ಈ ಆಟ ಎಡೆಬಿಡದೆ ಸಾಗುತ್ತದೆ. ವೋಲ್ಟೇಜು ಹೆಚ್ಚಿದಷ್ಟೂ ಪಟ್ಟಿ ಬೇಗ ಬಾಗುವುದರಿಂದ, ಮಾಪಕಗಳಿಗೆ ಸಲ್ಲುವುದು ಸರಾಸರಿ 10 ವೋಲ್ಟು ಮಾತ್ರ. ಕಾವಲುಗಾರನ ಚಡಪಡಿಕೆ ನಿಧಾನಿಯಾದ ಮುಳ್ಳಿಗೆ ತಿಳಿಯುವುದೇ ಇಲ್ಲ. ಮುಳ್ಳು ಚುರುಕಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ.

ಡಬ್ಬಿಯ ಪಟ್ಟಿಯನ್ನು ಕಾಯಿಸುವ ತಂತಿಯ ಒಂದು ತುದಿ, ಡಬ್ಬಿಯ ಮೂಲಕ ಕಾರಿನ ಲೋಹದ ಮೈಯನ್ನು ಸೇರಬೇಕು. ಅಲ್ಲಿ ತುಕ್ಕು ಹಿಡಿದರೆ ಪಟ್ಟಿ ಕಾಯುವುದಿಲ್ಲ, ಸಂಪರ್ಕ ಕಡಿಯುವುದಿಲ್ಲ. ಬ್ಯಾಟರಿಯ ಪೂರ್ಣ ಬಲ ಮಾಪಕಗಳ ಮೇಲೆ ಬೀಳುತ್ತದೆ. ಎಂಜಿನ್ನು ವಿಪರೀತ ಕಾದಿದೆಯೆಂದು ಒಂದು ಮುಳ್ಳು ಸುಮ್ಮನೆ ಬೆದರಿಸುತ್ತದೆ. ಅದು ಅಷ್ಟು ಕೆಟ್ಟದ್ದಲ್ಲ. ಹೆದರಿದವನು ಕಾರನ್ನು ನಿಲ್ಲಿಸಿ ನೋಡುತ್ತಾನೆ. ಪೆಟ್ರೋಲು ಇನ್ನೂ ಬೇಕಾದಷ್ಟಿದೆಯೆಂದು ಸಮಾಧಾನ ಹೇಳುವ ಇನ್ನೊಂದು ಮುಳ್ಳೇ ಅಪಾಯಕಾರಿ. ಅದನ್ನು ನಂಬಿದವನು ರಾತ್ರಿಯ ವೇಳೆ ಊರಿಲ್ಲದ ದಾರಿಯಲ್ಲಿ ನಿಂತುಬಿಡುತ್ತಾನೆ.

ಬಲ್ಲ ಮೆಕ್ಯಾನಿಕ್ಕು, ಎರಡು ಮುಳ್ಳುಗಳೂ ಒಟ್ಟಿಗೆ ಮೇಲಕ್ಕೆ ತಪ್ಪಿದರೆ ತೊಟ್ಟಿಗೆ ಕೈಹಾಕುವುದಿಲ್ಲ. ಮೊದಲು ಡಬ್ಬಿಯ ತುಕ್ಕನ್ನು ಕೆರೆದು ತಿರುಪನ್ನು ಬಿಗಿಮಾಡುತ್ತಾನೆ. ಇಂದು ಅದೇ ಆಕಾರದ ಡಬ್ಬಿಯಲ್ಲಿ, ಕಾಯುವ ಪಟ್ಟಿಯೇ ಇಲ್ಲದೆ 10 ವೋಲ್ಟನ್ನು ಒಂದೇ ಸಮನೆ ಕೊಡುವ ಎಲೆಕ್ಟ್ರಾನಿಕ್ ಸಾಧನ ದೊರೆಯುತ್ತದೆ. ಅದಕ್ಕೂ ಆ ತಿರುಪು ಬಿಗಿಯಾಗಿರಬೇಕು.