ಆಕಾಶಯಾನದಲ್ಲಿ ಅತಿಥಿ ಸತ್ಕಾರ

ಬಂದವರಿಗೆ ಮೊದಲು ನೀರು, ಅನಂತರ ಪ್ರಸಾದ, ಆಮೇಲೆ ಕುಶಲಪ್ರಶ್ನೆ: ಇದು ನಮ್ಮ ಮಠಗಳ ಪರಂಪರೆ. ಅಬ್ಬೆತುಮಕೂರಿನ ಶ್ರೀ ವಿಶ್ವಾರಾಧ್ಯರ ಸನ್ನಿಧಿಯಲ್ಲಿ ಪಂಕ್ತಿಗೆ ಕುಳಿತ ಭಕ್ತನನ್ನು ಯಾರೂ 'ನೀನು ಎಷ್ಟು ಕಾಣಿಕೆ ಇಟ್ಟೆ' ಎಂದು ಕೇಳುವುದಿಲ್ಲ. ಇಂತಹ ಅನ್ನದ ಋಣದಲ್ಲಿ ಬೆಳೆದ ನನಗೆ ವಿಮಾನಯಾನದ ಉಪಚಾರಭೇದವು ವಿಚಾರಕ್ಕೆ ಹಚ್ಚಿತು.

ಕನ್ನಡಿಗರಾದ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯ ಮೂಲಕ ಅಗ್ಗದ ವಿಮಾನಯಾನವನ್ನು ಜನಸಾಮಾನ್ಯರ ಕೈಗೆಟುಕಿಸಿದರು. ದರವನ್ನು ಇಳಿಸಬೇಕಾದ ಕಾರಣ ಉಚಿತ ಊಟೋಪಚಾರವನ್ನು ಕೈಬಿಟ್ಟರು. 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಸಂಸ್ಥೆಯಾದರೋ ಧಾರಾಳವಾದ ಸತ್ಕಾರದಿಂದಲೇ ಹೆಸರಾಯಿತು. 2008ರಲ್ಲಿ ಇವೆರಡೂ ಒಂದಾದವು. 2012ರಲ್ಲಿ ಹಾರಾಟವೇ ನಿಂತಿತು. ಆದರೆ ಆ ಎರಡು ಪದ್ಧತಿಗಳು ಉಳಿದಿವೆ. ಏರ್ ಇಂಡಿಯಾದಲ್ಲಿ ಸಾಮಾನ್ಯವಾಗಿ ಟಿಕೆಟ್ಟಿನ ದರದಲ್ಲಿಯೇ ಊಟ ಸೇರಿರುತ್ತದೆ. ಇಂಡಿಗೋದಂತಹ ಸಂಸ್ಥೆಗಳಲ್ಲಿ ತಿಂಡಿಯನ್ನು ಹಣ ತೆತ್ತು ಕೊಳ್ಳಬೇಕು.

ಮೇಲ್ನೋಟಕ್ಕೆ ಮೊದಲನೆಯದು ಸತ್ಕಾರ, ಎರಡನೆಯದು ವ್ಯಾಪಾರ ಎನಿಸೀತು. ಅನುಭವವು ಬೇರೆಯದನ್ನೇ ಕಲಿಸಿತು. ಊಟ ನೀಡುವ ವಿಮಾನವೊಂದರಲ್ಲಿ ಹಿಂದಿನ ಸಾಲಿನಲ್ಲಿದ್ದ ನಮ್ಮನ್ನು ತಲುಪುವಷ್ಟರಲ್ಲಿ ಸಸ್ಯಾಹಾರ ಮುಗಿದಿತ್ತು. ತಟ್ಟೆ ಹಂಚುವವರಿಗೆ ನಮ್ಮ ಮುಖ ನೋಡಲೂ ಪುರುಸೊತ್ತಿರಲಿಲ್ಲ. ಊಟ ಮಾರುವ ಇನ್ನೊಂದು ವಿಮಾನದಲ್ಲಿ, ಪಕ್ಕದ ವೃದ್ಧೆಯೊಬ್ಬರು ದುಡ್ಡು ಕೊಡಬೇಕಾದೀತೆಂದು ಬಾಯಾರಿದರೂ ಸುಮ್ಮನೆ ಕುಳಿತಿದ್ದರು. ಅದನ್ನು ಗಮನಿಸಿದ ಗಗನಸಖಿಯು ಬಾಗಿ, "ಅಮ್ಮಾ, ನೀರಿಗೆ ದುಡ್ಡಿಲ್ಲ, ತಗೊಳ್ರಿ" ಎಂದು ಲೋಟವನ್ನು ಕೈಗಿತ್ತಳು. ಆ ಒಂದು ಲೋಟ ನೀರಿನಲ್ಲಿ ನನಗೆ ದಾಸೋಹಭಾವ ಕಂಡಿತು.

ಅನ್ನವನ್ನು ಮಾರುವುದು ದೋಷವಲ್ಲ, ಅದೂ ಒಂದು ಕಾಯಕ. ಎದುರಿಗಿರುವವನನ್ನು ಹಣದಿಂದ ಅಳೆಯುವುದು ದೋಷ. ನೀಡುವವನು ತಾನು ದಾಸನೆಂದು ಭಾವಿಸಿದಾಗ ಮಾತ್ರ ದಾಸೋಹವಾಗುತ್ತದೆ; ಇಲ್ಲವಾದರೆ ಪುಕ್ಕಟೆ ಊಟವೂ ಬರಿಯ ವಿತರಣೆ.

2019ರ ನವೆಂಬರ್ 22ರಂದು ಕಲಬುರಗಿ ವಿಮಾನನಿಲ್ದಾಣವು ಆರಂಭವಾದ ಮೇಲೆ ನಮ್ಮ ಭಾಗದ ಸದ್ಭಕ್ತರಿಗೂ ವಿಮಾನಯಾನವು ಹತ್ತಿರವಾಯಿತು. ಮಕ್ಕಳನ್ನು ಕಾಣಲು ವಿದೇಶಕ್ಕೆ ಹೊರಡುವ ತಂದೆತಾಯಿಗಳೂ ಹಲವರು. ಅವರು ತಿಳಿದಿರಬೇಕಾದ ಸಂಗತಿಯೊಂದಿದೆ. ವಿದೇಶೀ ವಿಮಾನಗಳ ಪಟ್ಟಿಯಲ್ಲಿ 'ಹಿಂದೂ ಊಟ' ಎಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ. ಗೋಮಾಂಸವಿಲ್ಲವೆಂಬುದಷ್ಟೇ ಅದರ ಅರ್ಥ. ಲಿಂಗಾರ್ಪಿತವಾಗಬಲ್ಲ ಆಹಾರವನ್ನು ಬಯಸುವವರು 'ಏಷ್ಯನ್ ವೆಜಿಟೇರಿಯನ್' ಎಂದು ಪ್ರಯಾಣಕ್ಕೆ ಕನಿಷ್ಠ ಒಂದು ದಿನ ಮೊದಲೇ ತಿಳಿಸಬೇಕು. ಸ್ವದೇಶದ ಪ್ರಯಾಣದಲ್ಲಿ ವಿಮಾನವು ಬಹಳ ತಡವಾದರೆ, ಕಾಯುವವರಿಗೆ ಉಪಾಹಾರ ಒದಗಿಸುವುದು ಸಂಸ್ಥೆಯ ಹೊಣೆಯೆಂದು ಸರಕಾರದ ನಿಯಮವಿದೆ. ಅದನ್ನು ವಿನಯದಿಂದಲೇ ಕೇಳಿ ಪಡೆಯಬಹುದು.

ಕೊನೆಗೊಂದು ಮಾತು. ಗಗನಸಖಿಯರ ಮುಖ್ಯ ಕಾಯಕ ಊಟ ಬಡಿಸುವುದಲ್ಲ, ಆಪತ್ತಿನಲ್ಲಿ ನಮ್ಮ ಪ್ರಾಣ ಕಾಯುವುದು. ಐವತ್ತು ಆಸನಗಳಿಗೆ ಒಬ್ಬರಾದರೂ ಇರಬೇಕೆಂಬ ನಿಯಮವು ಇದಕ್ಕಾಗಿಯೇ ಇದೆ. ಅವರನ್ನು ಚಿಟಿಕೆ ಹೊಡೆದು ಕರೆಯುವವರನ್ನು ಕಂಡಿದ್ದೇನೆ. 'ಯವ್ವಾ' ಎಂದು ಮಗಳನ್ನು ಕರೆದಂತೆ ಕರೆದರೆ ನಮ್ಮ ಘನತೆಗೆ ಕುಂದಿಲ್ಲ. ಸತ್ಕಾರವು ನೀಡುವವರಿಂದ ಅರ್ಧ, ಸ್ವೀಕರಿಸುವವರಿಂದ ಅರ್ಧ.