ತವರಿನ ಬಳುವಳಿ

ತವರಿನಿಂದ ಹೆಣ್ಣುಮಕ್ಕಳಿಗೆ ಬರುವುದು ಸೀರೆ, ಅರಿಸಿನ ಕುಂಕುಮ, ಹೆಚ್ಚೆಂದರೆ ಅಮ್ಮನ ಅವಲಕ್ಕಿ ಸರ. ನನಗೆ ಬಂದದ್ದು ಅಪ್ಪನ ಜೋಡುನಳಿಗೆ ಕೋವಿ! ಮಕ್ಕಳನ್ನು ಗುಡವಿಗೆ ಕರೆದೊಯ್ದು ಹಕ್ಕಿ ತೋರಿಸುವ ಟೀಚರಿಗೆ ಕೋವಿಯೇ ಎಂದು ನಮ್ಮ ಸ್ಟಾಫ್‌ರೂಮೆಲ್ಲ ನಕ್ಕಿತು.

ಸೊರಬ ತಾಲ್ಲೂಕಿನ ಹಳ್ಳಿಯಲ್ಲಿ ಅಮ್ಮನ ಜೊತೆಗಿದ್ದು, ಶಿಕಾರಿಪುರದ ಶಾಲೆಗೆ ಬಸ್ಸಿನಲ್ಲಿ ಓಡಾಡುವವಳು ನಾನು. ಅಪ್ಪ ತೀರಿಕೊಂಡಾಗ ಬೆಂಗಳೂರಿನ ಅಣ್ಣ, “ಸ್ಟೇಷನ್ನಿಗೆ ಒಪ್ಪಿಸಿಬಿಡೋಣ, ನಿಮಗ್ಯಾಕೆ ಉಸಾಬರಿ” ಎಂದ. “ಗದ್ದೆಗೆ ಹಂದಿ, ತೋಟಕ್ಕೆ ಮಂಗ. ಕೋವಿ ಕೊಟ್ಟರೆ ತೋಟಾನೂ ಕೊಟ್ಟ ಹಾಗೇ” ಎಂದಳು ಅಮ್ಮ. ವಾರಸುದಾರಳಾಗಿ ನಾನೇ ಅರ್ಜಿ ಹಾಕಿದೆ. ಕಚೇರಿಯಲ್ಲೊಬ್ಬರು, “ಮನೇಲಿ ಗಂಡಸರು ಯಾರೂ ಇಲ್ಲವೇ ಮೇಡಂ?” ಎಂದರು. “ಇದ್ದರು. ಅವರದ್ದೇ ಈ ಕೋವಿ” ಎಂದೆ. ಪೊಲೀಸರ ನಾಗರಿಕ ಬಂದೂಕು ತರಬೇತಿಯೂ ಆಯಿತು. 2019ರ ತಿದ್ದುಪಡಿಯಾದ ಮೇಲೆ ಪರವಾನಗಿ ಐದು ವರ್ಷಕ್ಕೆ ಸಿಗುತ್ತದೆ.

ಇದು 12 ಬೋರಿನದು. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ, ಒಂದು ಗುಂಡಿನ ಅಗಲವೇ ನಳಿಗೆಯ ಅಗಲ. ಮುಂದಿನ ಟ್ರಿಗರ್ ಬಲನಳಿಗೆಗೆ, ಹಿಂದಿನದು ಎಡಕ್ಕೆ. ಬಲದ ಬಾಯಿ ಸಡಿಲ, ಎಡದ್ದು ತುಸು ಬಿಗಿ. ಹತ್ತಿರಕ್ಕೆ ಅದು, ದೂರಕ್ಕೆ ಇದು.

ತೂಕ ಮೂರು ಕಿಲೋಗೂ ಕಡಿಮೆ. ಹಗುರವಾದದ್ದು ನನ್ನ ಪುಣ್ಯ ಅಂದುಕೊಂಡರೆ ಮೊದಲ ಈಡಿಗೇ ಹೆಗಲು ಕಪ್ಪಿಟ್ಟಿತು. “ನ್ಯೂಟನ್ನನ ಮೂರನೇ ನಿಯಮ ಕಣ್ರೀ. ಕೋವಿ ಹಗುರವಾದಷ್ಟೂ ಒದೆತ ಜೋರು” ಎಂದರು ವಿಜ್ಞಾನದ ಮೇಡಂ. ಅದಲ್ಲದೆ ಕೋವಿಯ ಅಳತೆ ಅಪ್ಪನ ತೋಳಿನದು. ಪರವಾನಗಿಯಿರುವ ಅಂಗಡಿಯವರು ರವಿಕೆಗೆ ಅಳತೆ ತೆಗೆದ ಹಾಗೆ ನನ್ನ ತೋಳು ನೋಡಿ, ಹೆಗಲಿಗಾನಿಸುವ ಮರವನ್ನು ಒಂದಂಗುಲ ಕೊಯ್ದು ರಬ್ಬರಿನ ಮೆತ್ತೆ ಕೂರಿಸಿದರು. ಮರ ಕೊಯ್ಯಬಹುದು, ನಳಿಗೆಯನ್ನು ಮೊಟಕು ಮಾಡುವುದು ಅಪರಾಧ.

ಕೊಯ್ದ ಚೂರನ್ನು ಅಮ್ಮ ಕೇಳಿ ಪಡೆದಳು. ಅಪ್ಪನ ಹೆಗಲು ಸವೆಸಿದ ಮರ ಅದು. ಈಗ ಅವಳ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿದೆ.

2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಶ್ರೇಯಸಿ ಸಿಂಗ್ ಡಬಲ್ ಟ್ರ್ಯಾಪಿನಲ್ಲಿ ಚಿನ್ನ ಗೆದ್ದದ್ದನ್ನು ಅಮ್ಮನಿಗೆ ಹೇಳಿದೆ. ಒಟ್ಟಿಗೆ ಹಾರುವ ಎರಡು ಬಿಲ್ಲೆಗೆ ಎರಡು ಈಡು. “ಬಿಲ್ಲೆಗೆ ಈಡು ದಂಡ ಮಾಡಿದರೂ ಬಹುಮಾನವೇ!” ಎಂದು ಅವಳಿಗೆ ಸೋಜಿಗ.

ಹೆಸರಲ್ಲೇ ಶಿಕಾರಿ ಇಟ್ಟುಕೊಂಡ ಶಿಕಾರಿಪುರದಲ್ಲೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯಿಲ್ಲ. ನನ್ನದೂ ಬರೀ ಸದ್ದಿನ ಕೋವಿ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಆ ತಿಂಗಳು ಮಂಗಗಳಿಗೆ ಹಬ್ಬ; ಅಮ್ಮ ತಗಡಿನ ಡಬ್ಬ ಬಡಿಯುತ್ತಾಳೆ. ಮರಳಿ ತಂದ ದಿನ ನಳಿಗೆಗೆ ಎಣ್ಣೆ ಹಾಕಿ ಒರೆಸುವುದು ನನ್ನ ಕೆಲಸ. ಎರಡನ್ನೂ ಬೆಳಕಿಗೆ ಹಿಡಿದು ಚೊಕ್ಕಟವಾಯಿತೇ ಎಂದು ನೋಡುವವಳು ಅಮ್ಮ.