ಹೊಲದ ಮಾತನ್ನ ವೇದಿಕೆ ಹತ್ತಿಸಿದ ಕಾಳಿಂಗರಾಯರು



ಈ ವಾರ ಟೊಮೆಟೊ ಬಗ್ಗೆ ಬರೆಯಲ್ಲ. ಅಂಗಮಾರಿ ಔಷಧಿ ವಿಚಾರ ಕೇಳಿದವರಿಗೆ ಮುಂದಿನ ವಾರ ವಿವರವಾಗಿ ಹಾಕ್ತೀನಿ. ನಮ್ಮೂರಲ್ಲಿ ಗಣೇಶನ ಹಬ್ಬದ ವಂತಿಗೆ ಎತ್ತೋದು ಶುರುವಾಗಿದೆ, ನಿಮ್ಮೂರಲ್ಲೂ ಆಗಿರುತ್ತೆ. ಹೋದ ವರ್ಷ ನಮ್ಮ ವಂತಿಗೆಯಲ್ಲಿ ಮೂರನೇ ಒಂದು ಪಾಲು ಡಿಜೆಗೇ ಹೋಯ್ತು. ಈ ಸಲ ಒಂದು ದಿನ ಹಾಡೋರನ್ನ ಕರೆಸೋಣ ಅಂದೆ. ಒಬ್ಬ ಹುಡುಗ ನೇರವಾಗಿ ಕೇಳ್ದ: "ಈಗ ಯಾರಣ್ಣ ಕೂತ್ಕೊಂಡು ಹಾಡು ಕೇಳ್ತಾರೆ?" ಕೇಳಬೇಕಾದ ಪ್ರಶ್ನೆನೇ ಅದು. ಎರಡು ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ ಅಂತ ಇಲ್ಲಿ ಬರೀತಿದೀನಿ. ಉತ್ತರಕ್ಕೆ ಒಬ್ಬ ಹಾಡುಗಾರನ ಬದುಕನ್ನ ಹೇಳಬೇಕು.

ಅವರ ಹೆಸರು ಪಿ. ಕಾಳಿಂಗರಾವ್. ಉಡುಪಿ ಕಡೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಲ್ಲೇ ನಾಟಕ ಕಂಪನಿ ಸೇರಿದರು, ಆಮೇಲೆ ಮದ್ರಾಸಿನ ಸಿನಿಮಾಕ್ಕೆ ಹೋದರು. 1947ರಲ್ಲಿ ಬಂದ 'ಕೃಷ್ಣಲೀಲಾ' ಸಿನಿಮಾದ ಸಂಗೀತ ಅವರದ್ದೇ. ಶಾಸ್ತ್ರೀಯ ಸಂಗೀತ ಚೆನ್ನಾಗಿ ಬರ್ತಿತ್ತು. ಬೇಕಿದ್ದರೆ ಅದರಲ್ಲೇ ಇದ್ದು ಸಭೆಗಳಲ್ಲಿ ಶಾಲು ಹೊದಿಸಿಕೊಂಡು ಕೂರಬಹುದಿತ್ತು. ಅವರು ಹಿಡಿದ ದಾರಿ ಬೇರೆ. ಬೇಂದ್ರೆ, ಕುವೆಂಪು ಅವರ ಕವಿತೆ, ಶರಣರ ವಚನ, ದಾಸರ ಪದ, ಜೊತೆಗೆ ಹಳ್ಳಿ ಹೆಂಗಸರು ಬೀಸುವಾಗ ಕುಟ್ಟುವಾಗ ಹೇಳ್ತಿದ್ದ ಜನಪದ ಗೀತೆ, ಇಷ್ಟನ್ನೂ ಒಂದೇ ವೇದಿಕೆ ಮೇಲೆ ಹಾಡಿದರು. ಜೊತೆಗೆ ಮೋಹನಕುಮಾರಿ, ಸೋಹನಕುಮಾರಿ ಅಂತ ಇಬ್ಬರು ಸೋದರಿಯರು ದನಿ ಕೂಡಿಸ್ತಿದ್ದರು. ಈ ಸಣ್ಣ ತಂಡ ಊರೂರು ತಿರುಗಿತು. ನಾವಿವತ್ತು ಸುಗಮ ಸಂಗೀತ, ಭಾವಗೀತೆ ಅಂತ ಕರೆಯೋದಕ್ಕೆ ಬುನಾದಿ ಬಿದ್ದದ್ದು ಹೀಗೆ.

ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡೀತಿದ್ದದ್ದು ಮೂರು ಮೂರೂವರೆ ನಿಮಿಷದ ಹಾಡು. ಬೆಂಗಳೂರಿಗೆ ಆಕಾಶವಾಣಿ ಕೇಂದ್ರ ಬಂದದ್ದು 1955ರಲ್ಲಿ. ನಮ್ಮ ಕಡೆ ಹಳ್ಳಿಗಳಲ್ಲಿ ರೇಡಿಯೊ ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ಹಾಗಾಗಿ ಹಾಡೋರು ಬದುಕಬೇಕಾದ್ರೆ ಊರಿಂದೂರಿಗೆ ಹೋಗಲೇಬೇಕು. ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆ, ಶಾಲೆಯ ಸಮಾರಂಭ, ಇವೇ ಅವರ ಮಾರುಕಟ್ಟೆ. ನಮ್ಮ ಟೊಮೆಟೊ ಥರಾನೇ, ಬೆಂಬಲ ಬೆಲೆ ಇಲ್ಲದ ಬೆಳೆ. ಕಮಿಟಿಯವರು ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಗಂಟಲು ಕಟ್ಟಿದ ವಾರ ವರಮಾನವೂ ಕಟ್ಟು.

ನಾವು ಗಮನಿಸಬೇಕಾದ ವಿಷಯ ಇನ್ನೊಂದಿದೆ. ಕಾಳಿಂಗರಾಯರಿಗೆ ದೊಡ್ಡ ಹೆಸರು ತಂದ ಹಾಡುಗಳಲ್ಲಿ ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಸೇರಿವೆ. ರತ್ನ ಅನ್ನೋನು ಒಬ್ಬ ಕುಡುಕ. ಅವನ ಬಾಯಲ್ಲಿ ಹೆಂಡ ಅಲ್ಲ, ಯೆಂಡ. ನಮ್ಮ ಹಳೇ ಮೈಸೂರು ಸೀಮೆಯ ಕೂಲಿಯವನು ಮಾತಾಡೋ ಹಾಗೇ ಮಾತು. ಕರಾವಳಿಯಲ್ಲಿ ಹುಟ್ಟಿ ಬೇರೆಯೇ ಕನ್ನಡ ಕೇಳಿ ಬೆಳೆದ ಮನುಷ್ಯ ಆ ಮಾತನ್ನ ತಿದ್ದಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. ಪೂರ್ತಿ ಶ್ರುತಿಯಲ್ಲಿ, ಪೂರ್ತಿ ಮರ್ಯಾದೆಯಿಂದ ಹಾಡಿದರು. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡನ್ನೂ ಹಾಗೇ ಹಾಡಿದರು. ತುಂಬಿದ ಕೆರೆ ನೋಡಿ ಜನ ಪಟ್ಟ ಸಂತೋಷದ ಹಾಡು ಅದು. ಕೆರೆ ಏರಿ ಮೇಲೆ ನಿಂತು ಕೋಡಿ ಬೀಳೋದನ್ನ ನೋಡಿದೋರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ವರ್ಷ ಒಣಗಿದ್ದ ಕೆರೆಗಳಿಗೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬರೋಕೆ ಶುರುವಾದಾಗ, ಆ ನೀರಿನ ಬಗ್ಗೆ ತಕರಾರು ಇದ್ದೋರೂ ಏರಿ ಮೇಲೆ ನೋಡೋಕಂತೂ ಹೋಗಿದ್ರು.

ನಮಗೆ ಇದು ಯಾಕೆ ಮುಖ್ಯ ಅಂದ್ರೆ, ನಮ್ಮ ಮಾತಿನ ಕಥೆ ನಿಮಗೇ ಗೊತ್ತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಗೆ ಬಂದರೆ ಕನ್ನಡ. ಭಜನೆಯಲ್ಲಿ ಕೈವಾರ ತಾತಯ್ಯನ ಪದ ಹೇಳಿದರೆ ಎರಡೂ ಭಾಷೆ ಬರುತ್ತೆ. ಬೆಂಗಳೂರಿಗೆ ಕಾಲೇಜಿಗೆ ಹೋದ ನಮ್ಮ ಮಕ್ಕಳನ್ನ ಅಲ್ಲಿಯವರು "ಇದೇನು ಕನ್ನಡಾನಾ ತೆಲುಗಾ" ಅಂತ ಆಡಿಕೊಳ್ತಾರೆ. ಮಕ್ಕಳು ನಾಚಿಕೊಂಡು ಮಾತೇ ಬದಲಾಯಿಸ್ತಾರೆ. ಒಬ್ಬ ಒಳ್ಳೆ ಹಾಡುಗಾರ ನಮ್ಮಂಥವರ ಮಾತನ್ನ ವೇದಿಕೆ ಮೇಲೆ ಹಾಡಿದರೆ ಆ ನಾಚಿಕೆ ಸ್ವಲ್ಪ ಇಳಿಯುತ್ತೆ. ಇದು ಭಾಷಣದಿಂದ ಆಗೋ ಕೆಲಸ ಅಲ್ಲ.

ಆ ಕಾಲದಲ್ಲಿ ವೇದಿಕೆ ಸಿಗೋದೂ ಸುಲಭ ಇರಲಿಲ್ಲ. ಬೆಂಗಳೂರಿನ ರಾಮೋತ್ಸವದ ಕಚೇರಿಗಳಲ್ಲೇ ಕನ್ನಡ ಹಾಡಿಗೆ, ಕನ್ನಡದ ಗಾಯಕರಿಗೆ ಜಾಗ ಕಡಿಮೆ ಅಂತ 1960ರ ದಶಕದ ಶುರುವಿನಲ್ಲಿ ಹೋರಾಟಕ್ಕೆ ಇಳಿದವರು ಕಾದಂಬರಿಕಾರ ಅ.ನ.ಕೃ. ಅವರು ಹುಟ್ಟಿದ್ದು ನಮ್ಮ ಕೋಲಾರದಲ್ಲೇ, 1908ರಲ್ಲಿ. ಇನ್ನು ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ 'ಕಾಕನಕೋಟೆ' ನಾಟಕ 1977ರಲ್ಲಿ ಸಿನಿಮಾ ಆದಾಗ ಸಂಗೀತ ಕೊಟ್ಟವರು ಸಿ. ಅಶ್ವತ್ಥ್. ಕಾಳಿಂಗರಾಯರು ಹಾಕಿದ ದಾರಿಯಲ್ಲಿ ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಬಂದರು. ಆಮೇಲೆ ಕ್ಯಾಸೆಟ್ಟು ಬಂದು ಭಾವಗೀತೆ ಮನೆಮನೆಗೂ ಹೋಯ್ತು. ಕಾಳಿಂಗರಾಯರು 1981ರಲ್ಲಿ ಹೋಗಿಬಿಟ್ಟರು.

ಇದೇ ಥರದ ಕಥೆ ದೂರದ ಐರ್ಲೆಂಡ್ ದೇಶದಲ್ಲೂ ಇದೆ. ಅದೂ ಹಸು ಸಾಕೋ, ಆಲೂಗಡ್ಡೆ ಬೆಳೆಯೋ ರೈತರ ನಾಡು. 1950, 60ರ ದಶಕಗಳಲ್ಲಿ ಅಲ್ಲಿ ಶೋಬ್ಯಾಂಡ್ ಅಂತ ತಂಡಗಳಿದ್ದವು. ಏಳೆಂಟು ಜನ ವಾದ್ಯ ಸಮೇತ ವ್ಯಾನಿನಲ್ಲಿ ಊರೂರು ಸುತ್ತಿ ರಾತ್ರಿ ಹೊತ್ತು ನುಡಿಸ್ತಿದ್ದರು. ಹಳ್ಳಿ ಜನ ಸೈಕಲ್ ತುಳಿದುಕೊಂಡು ಬಂದು ಕುಣೀತಿದ್ದರು. ಅವರಲ್ಲಿ ಬಿಗ್ ಟಾಮ್ ಅಂತ ಜನ ಕರೀತಿದ್ದ ಟಾಮ್ ಮೆಕ್‌ಬ್ರೈಡ್, ಮೊನಾಹನ್ ಜಿಲ್ಲೆಯ ಹಳ್ಳಿಗಾಡಿನವನು. ಅಮ್ಮ, ಮನೆ, ಬಿಟ್ಟುಬಂದ ಊರು, ಇವೇ ಅವನ ಹಾಡು. ಕೂಲಿಗೆ ಇಂಗ್ಲೆಂಡಿಗೆ ಹೋದ ಐರಿಷ್ ಜನ ಅಲ್ಲೂ ಅವನನ್ನ ಕರೆಸಿ ಕೇಳಿದರು. 1970ರ ದಶಕದ ಕೊನೆ ಹೊತ್ತಿಗೆ ಡಿಸ್ಕೋ ಬಂತು. ಎಂಟು ಜನರ ತಂಡಕ್ಕಿಂತ ಒಬ್ಬ ರೆಕಾರ್ಡ್ ಹಾಕೋನು ಅಗ್ಗ. ಹಾಲ್‌ಗಳು ಒಂದೊಂದಾಗಿ ಮುಚ್ಚಿದವು, ತಂಡಗಳು ಚದುರಿದವು. ಬಿಗ್ ಟಾಮ್‌ನಂಥ ಕೆಲವರನ್ನ ಮಾತ್ರ ಹಳ್ಳಿ ಜನ ಕೈಬಿಡಲಿಲ್ಲ. 2018ರಲ್ಲಿ ಅವನು ತೀರಿಕೊಂಡಾಗ ದೇಶವೇ ದುಃಖಪಟ್ಟಿತು.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಕಾಳಿಂಗರಾಯರಿಗೂ ಬಿಗ್ ಟಾಮ್‌ಗೂ ಅನ್ನ ಕೊಟ್ಟದ್ದು ಹೆಚ್ಚಾಗಿ ಊರಿನವರು. ಕಮಿಟಿಗಳು, ಹಾಲ್‌ಗಳು, ಟಿಕೆಟ್ ಕೊಂಡ ಜನ. ಅಂದ್ರೆ ಹಬ್ಬದ ದುಡ್ಡು ಎಲ್ಲಿಗೆ ಹೋಗುತ್ತೋ ಅಲ್ಲಿ ಹಾಡು ಹುಟ್ಟುತ್ತೆ. ಡಿಜೆ ಬೇಡ ಅಂತ ನಾನು ಹೇಳ್ತಿಲ್ಲ. ಹುಡುಗರಿಗೂ ಕುಣಿಯೋ ಆಸೆ ಇರುತ್ತೆ, ಕುಣೀಲಿ. ಆದ್ರೆ ಡಿಜೆ ಪೆಟ್ಟಿಗೆಯಿಂದ ನಾಳೆ ಒಬ್ಬ ಹಾಡುಗಾರ ಹುಟ್ಟಲ್ಲ. ಕೋಲಾರದಲ್ಲಿ ಹಾಡೋರಿಗೆ ಬರ ಇಲ್ಲ. ಚಳವಳಿಯ ಹಾಡು ಹೇಳೋರು, ತಮಟೆಯವರು, ಹರಿಕಥೆಯವರು, ಭಜನೆ ತಂಡದವರು ಪ್ರತಿ ಹೋಬಳಿಯಲ್ಲೂ ಸಿಗ್ತಾರೆ. ಬರ ಇರೋದು ಕರೆಯೋರಿಗೆ. ನಮ್ಮ ಪಕ್ಕದ ಹೊಲದಲ್ಲಿ ರಾಗಿ ಕಳೆ ತೆಗೆಯೋಕೆ ಬರೋ ಒಬ್ಬ ಅಜ್ಜಿಗೆ ಒಂದು ಸಾಲು ಮುಗಿಯೋತನಕ ನಿಲ್ಲದಷ್ಟು ಪದ ಬರುತ್ತೆ, ಅರ್ಧ ತೆಲುಗು ಅರ್ಧ ಕನ್ನಡ. ವಯಸ್ಸು ಎಪ್ಪತ್ತು ದಾಟಿದೆ. ಆ ಪದಗಳು ಅವರ ಸೊಸೆಗೆ ಬರಲ್ಲ.

ಭಾನುವಾರ ನಮ್ಮ ಕಮಿಟಿ ಸಭೆ ಇದೆ. ಮೂರು ಮಾತು ಹೇಳ್ತೀನಿ ಅಂತಿದೀನಿ. ಒಂದು, ಮೂರು ದಿನದ ಹಬ್ಬದಲ್ಲಿ ಒಂದು ಸಂಜೆ ಎರಡು ಗಂಟೆ ಹಾಡಿಗೆ ಬಿಡಬೇಕು, ನಮ್ಮ ತಾಲ್ಲೂಕಿನ ತಂಡವನ್ನೇ ಕರೆಸಬೇಕು. ಎರಡು, ಸಂಭಾವನೆ ಮೊದಲೇ ಮಾತಾಡಿ, ಬಸ್ ಖರ್ಚು, ಊಟ ಸೇರಿಸಿ ಅವತ್ತೇ ಕೈಗೆ ಕೊಡಬೇಕು. ಮಂಡಿಯಲ್ಲಿ ನಮ್ಮ ದುಡ್ಡು ವಾರಗಟ್ಟಲೆ ನಿಂತಾಗ ಆಗೋ ಸಂಕಟ ನಮಗೆ ಗೊತ್ತಲ್ಲ. ಮೂರು, ಆ ಅಜ್ಜಿಯಂಥವರನ್ನ ಹದಿನೈದು ನಿಮಿಷ ವೇದಿಕೆ ಮೇಲೆ ಕೂರಿಸಬೇಕು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡೋ ಕೆಲಸ ಪ್ರಶ್ನೆ ಕೇಳಿದ ಹುಡುಗನಿಗೇ ಒಪ್ಪಿಸೋಣ ಅಂತಿದೀನಿ.

ಸಭೆಯಲ್ಲಿ ಒಪ್ಪಿದರೋ ಇಲ್ಲವೋ ಮುಂದಿನ ವಾರ ಅಂಗಮಾರಿ ವಿಚಾರದ ಜೊತೆ ತಿಳಿಸ್ತೀನಿ. ನಿಮ್ಮೂರಲ್ಲಿ ಹಾಡೋರು ಇದ್ದರೆ ಹಬ್ಬಕ್ಕೆ ಮುಂಚೆ ಒಂದು ಮಾತು ಹೇಳಿ, ನಮ್ಮ ಕಡೆ ಕರೆಸೋಕೆ ಆಗುತ್ತೆ.